ಮನೆಯ ಸಿಮ್ಯುಲೇಟರ್‌ನಲ್ಲಿ ಕಲಿತದ್ದು ನಿಜವಾದ ವಿಮಾನದಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ?

ವಿನೋಬನಗರ ಅಣ್ಣ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ನನ್ನ ತಮ್ಮ ಈ ಸಲ ಸೆಕೆಂಡ್ ಪಿಯುಸಿ ಮುಗಿಸಿದ. ಪೈಲಟ್ ಆಗಲೇಬೇಕು ಅಂತ ಹಟ ಹಿಡಿದಿದ್ದಾನೆ. ಹೈಸ್ಕೂಲಿನಿಂದಲೂ ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟರ್ (ವಿಮಾನ ಹಾರಿಸುವ ಅನುಭವ ಕೊಡುವ ಸಾಫ್ಟ್‌ವೇರ್) ಹಾರಿಸುತ್ತಾನೆ. ಸೆಸ್ನಾ 172 ಅನ್ನುವ ಸಣ್ಣ ವಿಮಾನ ಅಂದ್ರೆ ಪ್ರಾಣ. ಚೆಕ್‌ಲಿಸ್ಟ್ ಪೂರ್ತಿ ಬಾಯಿಪಾಠ.

ಅಪ್ಪ ಸೈಟು ಮಾರಿ ಓದಿಸಲು ತಯಾರಿದ್ದಾರೆ. ಆದರೆ ಮನೆಯಲ್ಲಿ ಎರಡು ಮಾತು. "ಅದೊಂದು ವಿಡಿಯೋ ಗೇಮ್, ಅದನ್ನು ನಂಬಿ ಸೈಟು ಕಳಕೋಬೇಡಿ" ಅಂತ ನಮ್ಮ ಮಾವ. "ನಿಜವಾದ ವಿಮಾನಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ" ಅಂತ ತಮ್ಮ. ಯಾರ ಮಾತು ಸರಿ ಅಂತ ಹೇಳಬಲ್ಲವರು ನಮ್ಮ ಸುತ್ತಮುತ್ತ ಯಾರೂ ಇಲ್ಲ. ಊರಲ್ಲಿ ವಿಮಾನ ನಿಲ್ದಾಣವೂ ಇಲ್ಲ. ವಿಮಾನ ಹತ್ತಿರದಿಂದ ನೋಡಬೇಕಂದ್ರೂ ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೋಗಬೇಕು.

ಸಿಮ್ಯುಲೇಟರ್ ನಿಜವಾದ ವಿಮಾನದ ಹಾಗೆ ಎಷ್ಟರ ಮಟ್ಟಿಗೆ ನಡೆದುಕೊಳ್ಳುತ್ತದೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಜಗಳೂರು ಜಾಯ್‌ಸ್ಟಿಕ್

ಅಣ್ಣ, ನಾನು ಪೈಲಟ್ ಅಲ್ಲ. ಆದರೆ ಸಿಮ್ (ಸಿಮ್ಯುಲೇಟರ್) ಹಾರಿಸುವುದರಲ್ಲಿ ನಿಮ್ಮ ತಮ್ಮನ ಜಾತಿಯವನೇ. ವಿಡಿಯೋ ಗೇಮ್ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಸಿಮ್‌ಗಳು ಲೆಕ್ಕ ಹಾಕುವ ಬಗೆ ಬೇರೆ ಬೇರೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 1982ರಿಂದ ಇದೆ. ಅದರ ಹಳೆಯ ಆವೃತ್ತಿಗಳು ಕೋಷ್ಟಕದ ಮೇಲೆ ನಡೆಯುತ್ತಿದ್ದವು. ರೆಕ್ಕೆ ಗಾಳಿಗೆ ಇಷ್ಟು ಡಿಗ್ರಿ ಓರೆ ಇದ್ದರೆ ಇಷ್ಟು ಲಿಫ್ಟ್ (ಮೇಲೆತ್ತುವ ಬಲ), ಇಷ್ಟು ಡ್ರ್ಯಾಗ್ (ಹಿಂದಕ್ಕೆಳೆಯುವ ಬಲ) ಅಂತ ಮೊದಲೇ ಬರೆದಿಟ್ಟ ಪಟ್ಟಿ. ಎಕ್ಸ್‌ಪ್ಲೇನ್ ಅನ್ನುವ ಇನ್ನೊಂದು ಸಿಮ್ ಹಾಗಲ್ಲ. ರೆಕ್ಕೆ, ಬಾಲ, ಪ್ರೊಪೆಲರ್ ಎಲ್ಲವನ್ನೂ ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿನ ಮೇಲೆ ಗಾಳಿ ಎಷ್ಟು ಬಲ ಹಾಕುತ್ತದೆ ಅಂತ ಸೆಕೆಂಡಿಗೆ ಹಲವು ಸಲ ಲೆಕ್ಕ ಹಾಕಿ ಕೂಡಿಸುತ್ತದೆ. ಬ್ಲೇಡ್ ಎಲಿಮೆಂಟ್ ವಿಧಾನ ಅಂತಾರೆ. 2020ರಲ್ಲಿ ಬಂದ ಮೈಕ್ರೋಸಾಫ್ಟ್ ಆವೃತ್ತಿಯೂ ವಿಮಾನದ ಮೈಮೇಲೆ ನೂರಾರು ಬಿಂದು ಇಟ್ಟು ಇದೇ ತರಹದ ಲೆಕ್ಕ ಮಾಡುತ್ತದೆ. ಫ್ಲೈಟ್‌ಗಿಯರ್ ಅಂತ ಪೂರ್ತಿ ಉಚಿತವಾದದ್ದೂ ಇದೆ. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಅದರೊಳಗಿರುವ ಜೆಎಸ್‌ಬಿಸಿಮ್ ಅನ್ನುವ ಲೆಕ್ಕದ ಭಾಗವನ್ನು ನಾಸಾದವರೂ ಬಳಸಿದ್ದಾರೆ.

ಎಕ್ಸ್‌ಪ್ಲೇನ್‌ನ ವೃತ್ತಿಪರ ಆವೃತ್ತಿ, ಸರ್ಟಿಫೈ ಆದ ಹಾರ್ಡ್‌ವೇರ್ ಜೊತೆ ಇದ್ದರೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಅದನ್ನು ತರಬೇತಿ ಸಾಧನ ಅಂತ ಒಪ್ಪುತ್ತದೆ. ಬರೀ ಆಟವಾಗಿದ್ದರೆ ಒಪ್ಪುತ್ತಿದ್ದರಾ?

ಕೋಟೆ ಹುಡುಗಿ

ನಾನು ಚಿತ್ರದುರ್ಗದವಳು. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಮುಗಿಸಿ ಈಗ ಏರ್‌ಲೈನ್ ಪರೀಕ್ಷೆಗೆ ಓದುತ್ತಿದ್ದೇನೆ. ನಾನೂ ಮನೆಯಲ್ಲಿ ಸಿಮ್ ಹಾರಿಸಿಯೇ ಫ್ಲೈಯಿಂಗ್ ಸ್ಕೂಲಿಗೆ ಹೋದವಳು. ಹಾಗಾಗಿ ಯಾವುದು ಹೊಂದಿಕೆ ಆಯಿತು, ಯಾವುದು ಆಗಲಿಲ್ಲ ಅಂತ ಹೇಳಬಲ್ಲೆ.

ಕಾಕ್‌ಪಿಟ್ ಪರಿಚಯ, ಚೆಕ್‌ಲಿಸ್ಟ್, ರೇಡಿಯೋ ಮಾತು, ಮೀಟರ್‌ಗಳನ್ನು ಒಂದಾದ ಮೇಲೊಂದು ನೋಡುತ್ತಾ ಹೋಗುವ ರೂಢಿ, ಇವೆಲ್ಲ ನೇರವಾಗಿ ಉಪಯೋಗಕ್ಕೆ ಬಂದವು. ಇನ್‌ಸ್ಟ್ರುಮೆಂಟ್ ಫ್ಲೈಯಿಂಗ್‌ನಲ್ಲಂತೂ ನನಗೆ ಬಹಳ ಅನುಕೂಲ ಆಯಿತು. ಹೊರಗೆ ಏನೂ ಕಾಣದಾಗ ಪೈಲಟ್ ನಂಬಬೇಕಾದದ್ದು ಮೀಟರ್ ಮಾತ್ರ. ಮೀಟರ್ ತೋರಿಸುವುದರಲ್ಲಿ ಸಿಮ್ ತುಂಬಾ ಚೆನ್ನಾಗಿದೆ. ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಕೂಡ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ ಬೇಕಾದ 40 ಗಂಟೆಯಲ್ಲಿ 20 ಗಂಟೆವರೆಗೆ ಸಿಮ್ಯುಲೇಟರ್‌ನಲ್ಲಿ ಮಾಡಲು ಬಿಡುತ್ತದೆ. ಆದರೆ ಅದು ಅವರು ಅನುಮೋದಿಸಿದ ಸಿಮ್ಯುಲೇಟರ್ ಆಗಿರಬೇಕು. ಮನೆಯ ಕಂಪ್ಯೂಟರ್‌ನ ಒಂದು ನಿಮಿಷವೂ ಲಾಗ್‌ಬುಕ್ಕಿಗೆ ಬರುವುದಿಲ್ಲ.

ಹೊಂದಿಕೆ ಆಗದ್ದು ಕೈಗೆ ಸಿಗುವ ಭಾರ. ಸೆಸ್ನಾ 172ರಲ್ಲಿ ಇಳಿಯುವ ಮುಂಚೆ ಫ್ಲಾಪ್ (ರೆಕ್ಕೆಯ ಹಿಂಬದಿಯ ಹಲಗೆ) ಇಳಿಸಿದ ಕೂಡಲೇ ಮೂತಿ ಮೇಲೇಳಲು ನೋಡುತ್ತದೆ. ಯೋಕ್ (ಪೈಲಟ್ ಕೈಯಲ್ಲಿರುವ ಸ್ಟೀರಿಂಗ್) ಮುಂದಕ್ಕೆ ಒತ್ತಿ ಹಿಡಿಯಬೇಕು. ಸುಮ್ನೆ ಅಲ್ಲ, ತೋಳಿಗೆ ಗೊತ್ತಾಗುವಷ್ಟು ಭಾರ ಇರುತ್ತದೆ. ಆಮೇಲೆ ಟ್ರಿಮ್ ಚಕ್ರ ತಿರುಗಿಸುತ್ತಾ ಹೋದರೆ ಆ ಭಾರ ಕರಗುತ್ತದೆ. ಯೋಕ್ ಇದ್ದ ಜಾಗದಲ್ಲೇ ಇರುತ್ತದೆ, ಭಾರ ಮಾತ್ರ ಹೋಗುತ್ತದೆ. ಮನೆಯ ಜಾಯ್‌ಸ್ಟಿಕ್‌ನಲ್ಲಿ ಇರುವುದು ಸ್ಪ್ರಿಂಗ್. ವೇಗ 60 ನಾಟ್ (ಗಂಟೆಗೆ ಸುಮಾರು 110 ಕಿ.ಮೀ.) ಇದ್ದರೂ 120 ನಾಟ್ ಇದ್ದರೂ ಅದರ ಬಿಗಿ ಒಂದೇ. ಟ್ರಿಮ್ ಮಾಡುವಾಗ ಸ್ಟಿಕ್ ಅನ್ನು ನಿಧಾನವಾಗಿ ನಡುವಿಗೆ ಬಿಡುತ್ತಾ ಬರಬೇಕು. ನಿಜವಾದ ವಿಮಾನದಲ್ಲಿ ಹಾಗೆ ಬಿಟ್ಟರೆ ಮೂತಿ ಎದ್ದುಬಿಡುತ್ತದೆ. ಮನೆಯಲ್ಲಿ ಎಷ್ಟು ಒಳ್ಳೆಯ ಲೆಕ್ಕದ ಸಿಮ್ ಇದ್ದರೂ ಈ ಒಂದು ವಿಷಯವನ್ನು ಅದು ಕಲಿಸಲಾರದು.

ಇನ್ನೊಂದು ಫ್ಲೇರ್. ನೆಲ ಮುಟ್ಟುವ ಮುಂಚೆ ಮೂತಿ ಎತ್ತಿ ಇಳಿಯುವ ವೇಗ ಕಡಿಮೆ ಮಾಡುತ್ತೇವಲ್ಲ, ಅದು. ಆಗ ಕಣ್ಣು ರನ್‌ವೇಯ ದೂರದ ತುದಿಗೆ ಹೋಗಬೇಕು. ಎತ್ತರ ತಿಳಿಯುವುದು ಕಡೆಗಣ್ಣಿನಲ್ಲಿ, ಎರಡೂ ಪಕ್ಕದ ನೆಲ ಮೇಲೇರಿ ಬರುವ ಹಾಗೆ ಕಾಣುವುದರಿಂದ. 24 ಇಂಚಿನ ಮಾನಿಟರ್‌ಗೆ ಪಕ್ಕ ಅನ್ನುವುದೇ ಇಲ್ಲ. ಸಿಮ್‌ನಲ್ಲಿ ಹಾರಿಸಿ ಬಂದವರು ಫ್ಲೇರ್ ಹೊತ್ತಲ್ಲೂ ಮೀಟರ್ ನೋಡುತ್ತಾರೆ ಅಂತ ನಮ್ಮ ಇನ್‌ಸ್ಟ್ರಕ್ಟರ್ ಪದೇ ಪದೇ ಹೇಳುತ್ತಿದ್ದರು.

ಹರಿಹರದ ಎಂಜಿನಿಯರ್

ಬೆಂಗಳೂರಲ್ಲಿ ಸಿಮ್ಯುಲೇಟರ್ ಕ್ಷೇತ್ರದಲ್ಲೇ ಕೆಲಸ ಮಾಡುತ್ತೇನೆ. ವಿನೋಬನಗರದ ಅಣ್ಣನವರೇ, ನಿಮ್ಮ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳಿದರೆ ಉತ್ತರ ಸುಲಭ. "ಎಷ್ಟು ನಿಜ" ಅಂತ ಕೇಳಬೇಡಿ. "ಯಾವ ಹೊತ್ತಲ್ಲಿ ನಿಜ" ಅಂತ ಕೇಳಿ.

ಏರ್‌ಲೈನ್ ಪೈಲಟ್‌ಗಳು ತರಬೇತಿ ಪಡೆಯುವ ದೊಡ್ಡ ಸಿಮ್ಯುಲೇಟರ್ ಹೇಗೆ ತಯಾರಾಗುತ್ತದೆ ಅಂದ್ರೆ, ಮೊದಲು ನಿಜವಾದ ವಿಮಾನಕ್ಕೆ ಸೆನ್ಸರ್ ಕಟ್ಟಿ ಹಾರಿಸುತ್ತಾರೆ. ಟೇಕಾಫ್, ಏರಿಕೆ, ತಿರುವು, ಒಂದು ಎಂಜಿನ್ ಆಫ್ ಆದಾಗ ಏನಾಗುತ್ತದೆ, ಎಲ್ಲವನ್ನೂ ದಾಖಲಿಸುತ್ತಾರೆ. ಆಮೇಲೆ ಅದೇ ಚಲನೆಯನ್ನು ಸಿಮ್ಯುಲೇಟರ್‌ನಲ್ಲಿ ಮಾಡಿ, ಎರಡೂ ಗ್ರಾಫ್ ಒಂದರ ಮೇಲೊಂದು ಇಟ್ಟು ನೋಡುತ್ತಾರೆ. ಎಷ್ಟು ಆಚೀಚೆ ಆಗಬಹುದು ಅಂತ ನಿಯಮ ಇದೆ. ಉದಾಹರಣೆಗೆ, ಹಾರುತ್ತಿರುವ ವಿಮಾನದ ಮೂತಿ ಸ್ವಲ್ಪ ಎತ್ತಿ ಕೈ ಬಿಟ್ಟರೆ ಅದು ನಿಧಾನವಾಗಿ ಏರಿ, ಇಳಿದು, ಮತ್ತೆ ಏರುತ್ತದೆ. ಇದಕ್ಕೆ ಫ್ಯೂಗಾಯ್ಡ್ ಅನ್ನುತ್ತಾರೆ. ಒಂದು ಸುತ್ತಿಗೆ ಹಿಡಿಯುವ ಸಮಯ ನಿಜವಾದ ವಿಮಾನಕ್ಕಿಂತ ಶೇ. 10ಕ್ಕಿಂತ ಹೆಚ್ಚು ಬೇರೆ ಇರಬಾರದು. ಸ್ಟಾಲ್ ಆಗುವ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದೆ ಹೋಗುವ ವೇಗದಲ್ಲಿ 3 ನಾಟ್‌ಗಿಂತ ಜಾಸ್ತಿ ವ್ಯತ್ಯಾಸ ಬರಬಾರದು. ಎಲ್ಲಕ್ಕಿಂತ ಮೇಲಿನ ದರ್ಜೆಯನ್ನು ಲೆವೆಲ್ ಡಿ ಅಂತಾರೆ. ಅದರಲ್ಲಿ ಕಂಟ್ರೋಲ್ ಅಲುಗಾಡಿಸಿದ ಮೇಲೆ ಪ್ರತಿಕ್ರಿಯೆ ತೋರಲು 100 ಮಿಲಿಸೆಕೆಂಡ್‌ಗಿಂತ ತಡ ಆಗಬಾರದು.

ಅಂದರೆ ಅಳತೆ ಇರುವ ಕಡೆ ಸಿಮ್ಯುಲೇಟರ್ ಗಟ್ಟಿ. ಅಳತೆ ಇಲ್ಲದ ಕಡೆ ಅದು ಹೇಳುವುದು ಊಹೆ. ಸೂಳೆಕೆರೆಯ ದಡದಲ್ಲಿ ಕೋಲು ಇಳಿಸಿ ನಡುಗೆರೆಯ ಆಳ ಹೇಳಿದ ಹಾಗೆ. ತೊಂದರೆ ಏನೆಂದರೆ, ಸಿಮ್ ತನ್ನ ಊಹೆಯನ್ನೂ ಅಷ್ಟೇ ಧೈರ್ಯವಾಗಿ, ಅಷ್ಟೇ ನುಣುಪಾಗಿ ತೋರಿಸುತ್ತದೆ. ಕೂತವನಿಗೆ ಎರಡರ ನಡುವಿನ ಗೆರೆ ಕಾಣುವುದಿಲ್ಲ.

ಸ್ಟಾಲ್ ನೋಡಿ. ಬಹಳ ಕಾಲ ದೊಡ್ಡ ಸಿಮ್ಯುಲೇಟರ್‌ಗಳೂ ಸ್ಟಾಲ್ ಹತ್ತಿರದವರೆಗೆ ಮಾತ್ರ ಸರಿಯಾಗಿದ್ದವು. ಗಾಳಿ ರೆಕ್ಕೆಯಿಂದ ಕಿತ್ತುಹೋದ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ಸರಿಯಾದ ಅಳತೆಯೇ ಇರಲಿಲ್ಲ. ದೊಡ್ಡ ವಿಮಾನವನ್ನು ಪೂರ್ತಿ ಸ್ಟಾಲ್ ಮಾಡಿ ದಾಖಲಿಸುವುದು ಅಪಾಯದ ಕೆಲಸ, ಖರ್ಚಿನ ಕೆಲಸ. ತರಬೇತಿಯಲ್ಲೂ ಎಚ್ಚರಿಕೆ ಬಂದ ಕೂಡಲೇ ಚೇತರಿಸಿಕೊಳ್ಳುವುದನ್ನಷ್ಟೇ ಮಾಡಿಸುತ್ತಿದ್ದರು. 2009ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಸ್ಟಾಲ್ ಆಗಿ ಬಿದ್ದು 50 ಜನ ಸತ್ತರು. ಅದೇ ವರ್ಷ ಜೂನ್ 1ಕ್ಕೆ ಏರ್ ಫ್ರಾನ್ಸ್ 447 ಸ್ಟಾಲ್‌ನಿಂದ ಹೊರಬರದೆ ಅಟ್ಲಾಂಟಿಕ್‌ಗೆ ಬಿತ್ತು, 228 ಜನ. ಇದೆಲ್ಲ ಆದಮೇಲೆ ಎಫ್‌ಎಎ ನಿಯಮ ಬದಲಿಸಿತು. ಪೂರ್ತಿ ಸ್ಟಾಲ್ ತರಬೇತಿ ಕಡ್ಡಾಯ ಆಯಿತು. ಅದಕ್ಕಾಗಿ ಸಿಮ್ಯುಲೇಟರ್‌ಗಳ ಲೆಕ್ಕವನ್ನೂ ತಿದ್ದಬೇಕಾಯಿತು. 2019ರ ಮಾರ್ಚ್ ಹೊತ್ತಿಗೆ ಅಲ್ಲಿನ ಏರ್‌ಲೈನ್‌ಗಳು ಇದನ್ನು ಪಾಲಿಸಬೇಕಿತ್ತು.

ಕೋಟಿಗಟ್ಟಲೆ ಬೆಲೆಯ ಯಂತ್ರದ ಕಥೆಯೇ ಹೀಗೆ. ಮನೆಯ ಸಿಮ್‌ನಲ್ಲಿ ಸ್ಪಿನ್ (ಸ್ಟಾಲ್ ಆಗಿ ಸುತ್ತುತ್ತಾ ಬೀಳುವುದು) ಮಾಡಿ ಹೊರಬಂದೆ ಅಂತ ನಿಮ್ಮ ತಮ್ಮ ಹೇಳಿದರೆ, ಅದನ್ನು ವಿಮಾನದ ಗುಣ ಅಂತ ತಿಳಿಯಬೇಡಿ. ಆ ಸಿಮ್ ಬರೆದವರ ಊಹೆ ಅಂತ ತಿಳಿಯಿರಿ.

ಮೆಕ್ಯಾನಿಕಲ್ ಮೇಷ್ಟ್ರು

ಚೆನ್ನಾಗಿ ಹೇಳಿದಿರಿ. ಎಂಜಿನಿಯರಿಂಗ್ ಹುಡುಗರಿಗೆ ನಾನೂ ಇದನ್ನೇ ಹೇಳುವುದು.

ಸಿಮ್ ಬಹುಮಟ್ಟಿಗೆ ನಂಬಬಹುದಾದ ವಿಷಯವೂ ಒಂದಿದೆ, ನಮ್ಮೂರಿನ ಲೆಕ್ಕದಲ್ಲೇ ಹೇಳುತ್ತೇನೆ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಅಂದ್ರೆ ಹತ್ತಿರ ಹತ್ತಿರ 2,000 ಅಡಿ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಬಿಸಿಲು ಅಂತ ಇಟ್ಟುಕೊಳ್ಳಿ. ಗಾಳಿ ಕಾದು ತೆಳುವಾಗುತ್ತದೆ. ರೆಕ್ಕೆಗೂ ಎಂಜಿನ್‌ಗೂ ಸಿಗುವ ಗಾಳಿ 5,000 ಅಡಿ ಎತ್ತರದಲ್ಲಿ ಸಿಗುವಷ್ಟೇ. ಇದಕ್ಕೆ ಡೆನ್ಸಿಟಿ ಆಲ್ಟಿಟ್ಯೂಡ್ ಅಂತಾರೆ. ನಾಳೆ ನಮ್ಮೂರಲ್ಲೊಂದು ಸಣ್ಣ ರನ್‌ವೇ ಆದರೆ ಬೇಸಿಗೆಯಲ್ಲಿ ವಿಮಾನ ಎಷ್ಟು ದೂರ ಓಡಿ ಏಳಬೇಕು, ಎಷ್ಟು ನಿಧಾನ ಏರುತ್ತದೆ ಅನ್ನುವುದನ್ನು ಸಿಮ್ ಸರಿಯಾಗಿ ತೋರಿಸುತ್ತದೆ. ಯಾಕಂದ್ರೆ ಇದು ಶುದ್ಧ ಭೌತಶಾಸ್ತ್ರ, ಸೂತ್ರ ಗಟ್ಟಿ ಇದೆ.

ಆದರೆ ಅದೇ ಮಧ್ಯಾಹ್ನ ಭದ್ರಾ ನಾಲೆಯ ಹಸಿರು ಗದ್ದೆ ದಾಟಿ ಚಿತ್ರದುರ್ಗದ ಬಂಡೆ ಗುಡ್ಡಗಳ ಮೇಲೆ ಹಾರಿದರೆ ಬರುವ ಕುಲುಕಾಟ ಬೇರೆ. ಗದ್ದೆಯ ಮೇಲೆ ಗಾಳಿ ತಣ್ಣಗೆ ಕೂತಿರುತ್ತದೆ, ಬಂಡೆಯ ಮೇಲೆ ಕಾದು ಏಳುತ್ತದೆ. ಜೋಗಿಮಟ್ಟಿಯ ಗುಡ್ಡದ ಸಾಲಲ್ಲಿ ಗಾಳಿಗಿರಣಿ ಸುಮ್ನೆ ನಿಲ್ಲಿಸಿಲ್ಲ, ಅಲ್ವಾ? ಆ ಗಾಳಿ ಗುಡ್ಡ ಹತ್ತಿ ಇಳಿಯುವ ರೀತಿ ಗಂಟೆ ಗಂಟೆಗೂ ಬೇರೆ. ಸಿಮ್ ಒಂದಿಷ್ಟು ಏರಿಳಿತ ಕೊಡುತ್ತದೆ, ನಿಜ. ಆದರೆ ಈ ಗುಡ್ಡದ ಈ ಹೊತ್ತಿನ ಗಾಳಿ ಅದಕ್ಕೆ ಗೊತ್ತಿಲ್ಲ.

ವಿನೋಬನಗರ ಅಣ್ಣ

ಇಷ್ಟು ವಿವರ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಒಂದು ಅನುಮಾನ. ಮನೆಯದು ಬಿಡಿ, ಆ ದೊಡ್ಡ ಸಿಮ್ಯುಲೇಟರ್ ಆರು ಕಾಲಿನ ಮೇಲೆ ಅಲ್ಲಾಡುತ್ತದಲ್ಲ, ಅದರೊಳಗೆ ಕೂತರೆ ಪೂರ್ತಿ ವಿಮಾನದ ಹಾಗೇ ಇರುತ್ತದಾ? ಏರ್‌ಲೈನ್ ಪೈಲಟ್‌ಗಳು ಅದರಲ್ಲೇ ಕಲಿತು ನೇರ ಪ್ರಯಾಣಿಕರನ್ನು ಕರೆದೊಯ್ಯುತ್ತಾರೆ ಅಂತ ತಮ್ಮ ಹೇಳುತ್ತಾನೆ.

ಹರಿಹರದ ಎಂಜಿನಿಯರ್

ತಮ್ಮ ಹೇಳಿದ್ದು ನಿಜ, ಆದರೆ ಅರ್ಧ. ಅವರೆಲ್ಲ ಮೊದಲೇ ಸಣ್ಣ ವಿಮಾನದಲ್ಲಿ ನೂರಾರು ಗಂಟೆ ಹಾರಿ ಲೈಸೆನ್ಸ್ ಪಡೆದವರು. ಹೊಸ ಬಗೆಯ ವಿಮಾನಕ್ಕೆ ಬದಲಾಗುವಾಗ ಅದರ ತರಬೇತಿ ಸಿಮ್ಯುಲೇಟರ್‌ನಲ್ಲಿ ನಡೆಯುತ್ತದೆ. ಆಮೇಲೂ ಶುರುವಿನಲ್ಲಿ ಪಕ್ಕದಲ್ಲಿ ತರಬೇತಿ ಕ್ಯಾಪ್ಟನ್ ಕೂತಿರುತ್ತಾರೆ.

ಅಲ್ಲಾಡುವುದರ ಬಗ್ಗೆ. ಆ ಕಾಲುಗಳು ಹೆಚ್ಚೆಂದರೆ ಒಂದೂವರೆ ಮೀಟರ್ ಚಾಚುತ್ತವೆ. ಟೇಕಾಫ್‌ನಲ್ಲಿ ಅರ್ಧ ನಿಮಿಷ ಬೆನ್ನು ಸೀಟಿಗೆ ಒತ್ತುವ ಬಲವನ್ನು ಒಂದೂವರೆ ಮೀಟರ್‌ನಲ್ಲಿ ಎಲ್ಲಿಂದ ತರುವುದು? ಅದಕ್ಕೊಂದು ಉಪಾಯ ಇದೆ. ಮೊದಲು ಕ್ಯಾಬಿನ್ ಮುಂದಕ್ಕೆ ನೂಕಿ ಆ ವೇಗ ತೋರಿಸುತ್ತಾರೆ. ಆಮೇಲೆ ಕ್ಯಾಬಿನ್ ಅನ್ನು ಮೆಲ್ಲಗೆ ಹಿಂದಕ್ಕೆ ವಾಲಿಸುತ್ತಾರೆ. ಸೆಕೆಂಡಿಗೆ ಎರಡು ಮೂರು ಡಿಗ್ರಿಗಿಂತ ಕಡಿಮೆ ವಾಲಿದರೆ ಒಳಕಿವಿಗೆ ಗೊತ್ತೇ ಆಗುವುದಿಲ್ಲ. ಕಿಟಕಿಯಲ್ಲಿ ರನ್‌ವೇ ಸಮವಾಗಿಯೇ ಕಾಣುತ್ತಿರುತ್ತದೆ. ಭೂಮಿಯ ಎಳೆತವೇ ಬೆನ್ನು ಒತ್ತುತ್ತದೆ, ಮೈ ಅದನ್ನು ವೇಗ ಅಂತ ನಂಬುತ್ತದೆ. ಆದರೆ ಕಡಿದಾದ ತಿರುವಿನಲ್ಲಿ ದೇಹ ಎರಡರಷ್ಟು ಭಾರ ಆಗುವುದನ್ನು ಈ ಯಂತ್ರ ಯಾವ ಉಪಾಯದಿಂದಲೂ ಕೊಡಲಾರದು. ಈ ಅಲ್ಲಾಟದಿಂದ ಕಲಿಕೆಗೆ ಎಷ್ಟು ಲಾಭ ಅನ್ನುವುದರಲ್ಲೂ ತಜ್ಞರಲ್ಲಿ ಒಮ್ಮತ ಇಲ್ಲ.

ಇನ್ನೊಂದು ಹೇಳಲೇಬೇಕು. 737 ಮ್ಯಾಕ್ಸ್ ಎರಡು ಸಲ ಬಿದ್ದು 346 ಜನ ಸತ್ತರಲ್ಲ, ಆ ವಿಮಾನಗಳ ಮೂತಿ ತಾನಾಗಿ ಕೆಳಗಿಳಿದಾಗ ಕೈಯಿಂದ ಟ್ರಿಮ್ ಚಕ್ರ ತಿರುಗಿಸಬೇಕಿತ್ತು. ವೇಗ ಜಾಸ್ತಿ ಇದ್ದಾಗ ಆ ಚಕ್ರ ತಿರುಗಿಸುವುದು ಎಷ್ಟು ಕಷ್ಟ ಅನ್ನುವುದನ್ನು ಆಗಿನ ಮ್ಯಾಕ್ಸ್ ಸಿಮ್ಯುಲೇಟರ್ ಸರಿಯಾಗಿ ತೋರಿಸುತ್ತಿರಲಿಲ್ಲ. ಸಿಮ್ಯುಲೇಟರ್ ಸಾಫ್ಟ್‌ವೇರ್ ತಿದ್ದಿದ್ದೇವೆ ಅಂತ 2019ರ ಮೇ ತಿಂಗಳಲ್ಲಿ ಬೋಯಿಂಗ್ ಹೇಳಿತು. ಕೋಟೆ ಹುಡುಗಿ ಹೇಳಿದ ಕೈಭಾರದ ಮಾತು ಅಷ್ಟು ದೊಡ್ಡದು.

ಮೆಕ್ಯಾನಿಕಲ್ ಮೇಷ್ಟ್ರು

ಸಿಮ್ಯುಲೇಟರ್ ತಪ್ಪನ್ನೇ ಕಲಿಸಿದ ಉದಾಹರಣೆಯೂ ಇದೆ. 2001ರ ನವೆಂಬರ್ 12, ನ್ಯೂಯಾರ್ಕ್. ಅಮೆರಿಕನ್ ಏರ್‌ಲೈನ್ಸ್ 587. ಮುಂದಿನ ವಿಮಾನ ಎಬ್ಬಿಸಿದ ಗಾಳಿಸುಳಿಗೆ ಸಿಕ್ಕಾಗ ಸಹಪೈಲಟ್ ರಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಪೆಡಲ್ ಎಡಕ್ಕೆ ಬಲಕ್ಕೆ ಪೂರ್ತಿ ತುಳಿದರು. ಬಾಲದ ಲಂಬ ರೆಕ್ಕೆಯೇ ಮುರಿದುಹೋಯಿತು. 265 ಜನ ಹೋದರು. ರಡರ್ ಬಲು ಸೂಕ್ಷ್ಮವಾಗಿದ್ದದ್ದೂ ಒಂದು ಕಾರಣ. ಜೊತೆಗೆ ಆ ಏರ್‌ಲೈನ್‌ನ ತರಬೇತಿಯಲ್ಲಿದ್ದ ಸಿಮ್ಯುಲೇಟರ್ ಅಭ್ಯಾಸವನ್ನೂ ತನಿಖೆ ಮಾಡಿದವರು ಎತ್ತಿ ಹೇಳಿದರು. ಅದರಲ್ಲಿ ವಿಮಾನ ಬಹಳ ವಾಲುವ ಹಾಗೆ ಮಾಡಲು, ಪೈಲಟ್ ಹಾಕಿದ ಕಂಟ್ರೋಲ್ ಕೆಲವು ಕ್ಷಣ ಕೆಲಸ ಮಾಡದಂತೆ ಇಟ್ಟಿದ್ದರು. ಕಲಿತವರಿಗೆ ಗಾಳಿಸುಳಿ ಅಂದ್ರೆ ಅಷ್ಟು ಭಯಂಕರ ಅನ್ನುವ ಸುಳ್ಳು ಚಿತ್ರ ಕೂತುಬಿಟ್ಟಿರಬಹುದು.

ಹಾಗಾಗಿ ಕೆಟ್ಟ ಸಿಮ್ ಅಭ್ಯಾಸಕ್ಕಿಂತ ಅಭ್ಯಾಸ ಇಲ್ಲದಿರುವುದೇ ಎಷ್ಟೋ ಮೇಲು ಅನ್ನುವ ಸಂದರ್ಭ ಇರುತ್ತದೆ.

ಚಳ್ಳಕೆರೆ ರೈತನ ಮಗ

ನಮ್ಮ ತಾಲ್ಲೂಕಿನಲ್ಲಿರುವ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಟೆಸ್ಟ್ ರೇಂಜ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋದ ರೆಕ್ಕೆಯ ರಾಕೆಟ್ ಇಳಿದದ್ದು ಇಲ್ಲೇ. ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು, ಅದು ಪೈಲಟ್ ಇಲ್ಲದೆ ತಾನಾಗಿ ರನ್‌ವೇಗೆ ಬಂತು. ಅವರ ಹತ್ತಿರ ಎಂಥೆಂಥ ಕಂಪ್ಯೂಟರ್ ಇರಬಹುದು. ಆದರೂ ಒಂದೇ ಸಲಕ್ಕೆ ಬಿಡಲಿಲ್ಲ. 2024ರ ಮಾರ್ಚ್ 22ಕ್ಕೆ ರನ್‌ವೇ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಜೂನ್ 23ಕ್ಕೆ 500 ಮೀಟರ್ ಪಕ್ಕಕ್ಕೆ, ಜೋರು ಗಾಳಿಯಲ್ಲಿ. ಇಳಿಯುವಾಗ ವೇಗ ಗಂಟೆಗೆ 320 ಕಿ.ಮೀ.ಗಿಂತ ಹೆಚ್ಚು. ಸಿಮ್ಯುಲೇಶನ್ ಒಂದೇ ಸಾಕಾಗಿದ್ದರೆ ಇಷ್ಟೆಲ್ಲ ಯಾಕೆ ಮಾಡುತ್ತಿದ್ದರು?

ಅದೇ ರೇಂಜ್‌ನ ತಪಸ್ ಡ್ರೋನ್ 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದೀಕೆರೆ ಹತ್ತಿರ ಹೊಲದಲ್ಲಿ ಬಿತ್ತು. ಪರೀಕ್ಷೆ ಅಂದ್ರೆ ಅದೇ.

ಹರಿಹರದ ಎಂಜಿನಿಯರ್

ಸರಿಯಾಗಿ ಹೇಳಿದೆ ತಮ್ಮಾ. ಆದರೆ ಇದರ ಇನ್ನೊಂದು ಮಗ್ಗುಲೂ ಇದೆ. ನಮ್ಮ ಯುದ್ಧವಿಮಾನ ತೇಜಸ್ ನೋಡು. ಆ ವಿಮಾನ ಬೇಕೆಂದೇ ಅಸ್ಥಿರವಾಗಿ ಮಾಡಿದ್ದು. ಕಂಪ್ಯೂಟರ್ ಹಿಡಿದಿರದಿದ್ದರೆ ಯಾವ ಪೈಲಟ್‌ಗೂ ಹಾರಿಸಲು ಆಗುವುದಿಲ್ಲ. ಆ ಕಂಪ್ಯೂಟರ್‌ನ ನಿಯಮಗಳನ್ನು ಬೆಂಗಳೂರಿನ ಸಿಮ್ಯುಲೇಟರ್‌ಗಳಲ್ಲಿ ವರ್ಷಗಟ್ಟಲೆ ತಿದ್ದಿದರು. ಅಷ್ಟಕ್ಕೆ ಸಮಾಧಾನ ಆಗಲಿಲ್ಲ. 1996ರಲ್ಲಿ ಅಮೆರಿಕಕ್ಕೆ ಹೋಗಿ, ಬೇರೆ ವಿಮಾನದ ಗುಣ ಅನುಕರಿಸಬಲ್ಲ ಒಂದು ವಿಶೇಷ ಎಫ್-16ರಲ್ಲಿ ತೇಜಸ್‌ನ ನಿಯಮ ತುಂಬಿ ಹಾರಿಸಿ ನೋಡಿದರು. ಅದು ಆಕಾಶದಲ್ಲೇ ಹಾರುವ ಸಿಮ್ಯುಲೇಟರ್. ಗಾಳಿ ನಿಜ, ಮೈಮೇಲಿನ ಬಲ ನಿಜ, ವಿಮಾನದ ಗುಣ ಮಾತ್ರ ಲೆಕ್ಕದ್ದು. ಕೊನೆಗೆ 2001ರ ಜನವರಿ 4ರಂದು ತೇಜಸ್ ಮೊದಲ ಸಲ ಎದ್ದು ಸುರಕ್ಷಿತವಾಗಿ ಇಳಿಯಿತು. ಸಿಮ್ಯುಲೇಟರ್ ಇಲ್ಲದೆ ಆ ದಿನ ಬರುತ್ತಲೇ ಇರಲಿಲ್ಲ. ನನಗೆ ಈ ಕೆಲಸದ ಮೇಲೆ ಇಷ್ಟು ಅಭಿಮಾನ ಇರುವುದು ಇದಕ್ಕೇ.

ಜಗಳೂರು ಜಾಯ್‌ಸ್ಟಿಕ್

ಹಾಗಿದ್ರೆ ಮನೆಯ ಸಿಮ್ ಎಷ್ಟು ಸಾಚಾ ಅಂತ ನಾವೇ ಪರೀಕ್ಷೆ ಮಾಡಬಹುದಲ್ಲ. ನಾನು ಮಾಡುವುದು ಹೀಗೆ. ಸೆಸ್ನಾ 172 ಎಸ್‌ನ ಕೈಪಿಡಿ ತೆಗೆದುಕೊಳ್ಳುತ್ತೇನೆ. ಪೂರ್ತಿ ಭಾರ 2,550 ಪೌಂಡ್ ತುಂಬಿ, ಎಂಜಿನ್ ಕಡಿಮೆ ಮಾಡಿ ನಿಧಾನವಾಗಿ ಮೂತಿ ಎತ್ತುತ್ತಾ ಹೋಗುತ್ತೇನೆ. ಫ್ಲಾಪ್ ಇಲ್ಲದೆ ಮೀಟರ್‌ನಲ್ಲಿ 48 ನಾಟ್ ಹತ್ತಿರ ಸ್ಟಾಲ್ ಆಗಬೇಕು, ಪೂರ್ತಿ ಫ್ಲಾಪ್ ಇದ್ದರೆ 40ರ ಹತ್ತಿರ. ಸಮುದ್ರ ಮಟ್ಟದ ಊರಲ್ಲಿ 15 ಡಿಗ್ರಿ ಇಟ್ಟು ಟೇಕಾಫ್ ಮಾಡಿದರೆ 960 ಅಡಿ ಓಡಿ ಏಳಬೇಕು. ಎಂಜಿನ್ ಆಫ್ ಮಾಡಿದರೆ 68 ನಾಟ್‌ನಲ್ಲಿ ಅತಿ ದೂರ ತೇಲಬೇಕು. ಇಷ್ಟು ಹೊಂದಿದರೆ ಆ ಮಾಡೆಲ್ ಇಟ್ಟುಕೊಳ್ಳುತ್ತೇನೆ.

ಕೋಟೆ ಹುಡುಗಿ

ಒಳ್ಳೆಯ ಪರೀಕ್ಷೆ. ಆದರೆ ಗಮನಿಸಿ, ಇವೆಲ್ಲ ಅಂಕಿ. ಅಂಕಿ ಹೊಂದಿದ ಮಾತ್ರಕ್ಕೆ ನಡತೆ ಹೊಂದುತ್ತದೆ ಅಂತಿಲ್ಲ. ನಿಜವಾದ 172ರಲ್ಲಿ ಸ್ಟಾಲ್ ಮುಂಚೆ ಎಚ್ಚರಿಕೆ ಹಾರ್ನ್ ಕೊರಗುತ್ತದೆ, ಸೀಟಿನಡಿ ನಡುಕ ಶುರುವಾಗುತ್ತದೆ, ಕಂಟ್ರೋಲ್ ಸಡಿಲ ಆಗುತ್ತದೆ. ಆಮೇಲೆ ಒಂದು ರೆಕ್ಕೆ ಕುಸಿಯಲು ನೋಡಿದರೆ ಅದನ್ನು ರಡರ್‌ನಿಂದ ಹಿಡಿಯಬೇಕು. ಯೋಕ್ ತಿರುಗಿಸಿ ಎತ್ತಲು ಹೋದರೆ ಇನ್ನಷ್ಟು ಕುಸಿಯಬಹುದು. ಮನೆಯಲ್ಲಿ ಎಷ್ಟೋ ಜನರ ಹತ್ತಿರ ಪೆಡಲ್ ಇರುವುದೇ ಇಲ್ಲ. ಸಿಮ್‌ನಲ್ಲಿ ರಡರ್ ಅನ್ನು ತಾನೇ ತಿರುಗಿಸುವ ಆಟೋ ರಡರ್ ಆನ್ ಇರುತ್ತದೆ. ಟೇಕಾಫ್‌ನಲ್ಲಿ ಪೂರ್ತಿ ಪವರ್ ಕೊಟ್ಟಾಗ ವಿಮಾನ ಎಡಕ್ಕೆ ಎಳೆಯುವುದೂ ಅವರಿಗೆ ಗೊತ್ತಾಗುವುದಿಲ್ಲ. ವಿನೋಬನಗರದ ಅಣ್ಣ, ತಮ್ಮನಿಗೆ ಮೊದಲು ಆ ಆಟೋ ರಡರ್ ಆಫ್ ಮಾಡಲು ಹೇಳಿ.

ವಿನೋಬನಗರ ಅಣ್ಣ

ಈಗಷ್ಟೇ ಕೇಳಿದೆ ಅಕ್ಕ. ಆನ್ ಇತ್ತಂತೆ. ಆಫ್ ಮಾಡಿ ಟೇಕಾಫ್ ಮಾಡಲು ಹೋಗಿ ರನ್‌ವೇಯಿಂದ ಎಡಕ್ಕೆ ಹುಲ್ಲಿಗೆ ಇಳಿಸಿದ. ಈಗ ಅವನೇ ಪೆಡಲ್ ಬೇಕು ಅನ್ನುತ್ತಿದ್ದಾನೆ. ಸೈಟಿನ ವಿಷಯಕ್ಕೆ ಏನು ಹೇಳುತ್ತೀರಿ?

ಕೋಟೆ ಹುಡುಗಿ

ಪೆಡಲ್ ಆಮೇಲೆ ತಗೊಳ್ಳಿ. ಸೈಟು ಮಾರುವ ಮುಂಚೆ ಮೆಡಿಕಲ್ ಮಾಡಿಸಿ. ಡಿಜಿಸಿಎ ಅನುಮೋದಿತ ವೈದ್ಯರ ಹತ್ತಿರ ಮೊದಲು ಕ್ಲಾಸ್ 2 ಪರೀಕ್ಷೆ. ಆಮೇಲೆ ಡಿಜಿಸಿಎ ಹೇಳುವ ಕಡೆ ಇನ್ನೂ ಕಟ್ಟುನಿಟ್ಟಾದ ಕ್ಲಾಸ್ 1. ಬಣ್ಣದ ದೃಷ್ಟಿ, ಕಿವಿ, ಹೃದಯ ಎಲ್ಲ ನೋಡುತ್ತಾರೆ. ಕಮರ್ಷಿಯಲ್ ಲೈಸೆನ್ಸ್‌ಗೆ ಕ್ಲಾಸ್ 1 ಬೇಕೇ ಬೇಕು. ಎಷ್ಟೋ ಮನೆಯವರು ಫೀಸು ಕಟ್ಟಿದ ಮೇಲೆ ಇದನ್ನು ಮಾಡಿಸುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಅದು ಪಾಸಾದರೆ ಯಾವುದಾದರೂ ಫ್ಲೈಯಿಂಗ್ ಸ್ಕೂಲಿಗೆ ಕರೆದುಕೊಂಡು ಹೋಗಿ, ಇನ್‌ಸ್ಟ್ರಕ್ಟರ್ ಜೊತೆ ಒಂದು ಸಲ ಹಾರಲು ಅವಕಾಶ ಇದೆಯಾ ಕೇಳಿ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಶಾಲೆಯೇ ಇದೆ. ಮಧ್ಯಾಹ್ನದ ಕುಲುಕಾಟದಲ್ಲಿ ಹಾರಿ ಇಳಿದ ಮೇಲೂ ಅವನಿಗೆ ಇದೇ ಬೇಕು ಅನ್ನಿಸಿದರೆ, ಅಪ್ಪನ ಜೊತೆ ಕೂತು ಸೈಟಿನ ಮಾತು ಎತ್ತಿ.

ವಿನೋಬನಗರ ಅಣ್ಣ

ಕ್ಲಾಸ್ 2ಗೆ ಬೆಂಗಳೂರಿನ ವೈದ್ಯರೊಬ್ಬರ ಹತ್ತಿರ ಮುಂದಿನ ವಾರ ಸಮಯ ತೆಗೆದುಕೊಂಡೆವು. ಮಾವನೂ ಜೊತೆಗೆ ಬರುತ್ತಿದ್ದಾರೆ. ಫಲಿತಾಂಶ ಇಲ್ಲೇ ಬರೆಯುತ್ತೇನೆ.